ಸಿಗದ ಕೋಲಾರ

ಒಂದು ಅಧ್ಯಾಯವನ್ನಷ್ಟೇ ಆಯ್ದು, ಫೈಂಡ್ ಬಾಕ್ಸಿನಲ್ಲಿ ‘ಕೋಲಾರ’ ಎಂದು ಬರೆದು ಎಂಟರ್ ಕೊಟ್ಟಿದ್ದಾರೆ. ಬಾಕ್ಸಿನ ಅಂಚು ಕೆಂಪಾಗಿ, ಪಕ್ಕದಲ್ಲೊಂದು ಸೊನ್ನೆ ಮೂಡಿದೆ. ಆ ಸೊನ್ನೆಯಿಂದ ಎರಡು ಬೆರಳು ಕೆಳಗೆ, ಅಧ್ಯಾಯದ ಮೊದಲ ಸಾಲಿನ ಮೊದಲ ಪದವಾಗಿಯೇ ಕೋಲಾರ ಕೂತಿದೆ. ಅದೇ ಸಾಲಿನ ಕೊನೆಗೆ ಇನ್ನೊಂದು ಕೋಲಾರ. ಮುಂದಿನ ಪ್ಯಾರಾದಲ್ಲಿ ಕೋಲಾರಮ್ಮನ ಗುಡಿ, ಸೋಮೇಶ್ವರ ದೇವಾಲಯ, ಅಂತರಗಂಗೆ. ಕಂಪ್ಯೂಟರು ಮಾತ್ರ, ಈ ಅಧ್ಯಾಯದಲ್ಲಿ ಅಂಥ ಊರೇ ಇಲ್ಲ ಎಂದು ಹಟ ಹಿಡಿದಿದೆ.

“ನೋಡಪ್ಪ, ನಾನೇನು ಸುಳ್ಳು ಹೇಳಿದ್ನಾ?” ಎಂದು ಡಿಟಿಪಿ ಆಂಟಿ ಕುರ್ಚಿ ಹಿಂದಕ್ಕೆ ಸರಿಸಿದರು.

“ಇಲ್ಲ ಆಂಟಿ, ಬಂತಲ್ಲ ಬಗ್ಗು, ಅದೇ ಖುಷಿ,” ಎಂದ ಹುಡುಗ.

ಖುಷಿ ಎಂಬ ಮಾತು ಆಕೆಗೆ ಹಿಡಿಸಲಿಲ್ಲ. ಪದಸೂಚಿ ಮುಗಿಸಿ ಪುಸ್ತಕವನ್ನು ಪ್ರೆಸ್ಸಿಗೆ ಕೊಡಬೇಕಿರುವವರು ಆಕೆ. ಹುಡುಗನ ಸಂತೋಷಕ್ಕೂ ಕಾರಣವಿತ್ತು. ಕೆಲಸ ಮುಗಿದ ಮೇಲೆ ರಾತ್ರಿ ಹೊತ್ತು ಇದೇ ಎಡಿಟರ್ ತಂತ್ರಾಂಶಕ್ಕೆ ಬಿಟ್ಟಿ ದುಡಿಯುವವರಲ್ಲಿ ಅವನೂ ಒಬ್ಬ. ಆಂಟಿಯ ದೂರು ಅವನಿಗೆ ವಾಟ್ಸಾಪಿನಲ್ಲಿ ಬಂದು ಬಹಳ ದಿನವಾಗಿತ್ತು. ಅವನ ಲ್ಯಾಪ್‌ಟಾಪಿನಲ್ಲಿ ‘ಕೋಲಾರ’ ಎಂದು ಬರೆದು ಹುಡುಕಿದರೆ ಪ್ರತಿ ಸಲವೂ ಸಿಗುತ್ತಿತ್ತು. ‘ನನ್ನ ಹತ್ರ ಸರಿಯಾಗೇ ಇದೆ’ ಎಂದು ಅವನು, ‘ನನ್ನ ಹತ್ರ ಇಲ್ಲ’ ಎಂದು ಇವರು. ತಂತ್ರಾಂಶ ಬರೆಯುವವರ ಲೋಕದಲ್ಲಿ ಕಣ್ಣೆದುರು ಬಾರದ ಬಗ್ಗಿಗೆ ಮದ್ದಿಲ್ಲ. ಬೇಕೆಂದಾಗ ಬರಿಸಲು ಬಂತೆಂದರೆ ಅರ್ಧ ಕೆಲಸ ಮುಗಿದ ಹಾಗೆ.

ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ ಮೊದಲ ಮಹಡಿಯ ಕೋಣೆ ಇದು. ಕೆಳಗೆ ಬೈಂಡಿಂಗ್ ಅಂಗಡಿ. ಮೆಟ್ಟಿಲು ಹತ್ತುವಾಗಲೇ ಮೈದಾ ಅಂಟಿನ ವಾಸನೆ, ಕಟಿಂಗ್ ಮಷಿನ್ನು ಒಂದೊಂದು ಸಲ ಕೆಳಗಿಳಿದಾಗಲೂ ನೆಲಕ್ಕೆ ಸಣ್ಣ ನಡುಕ. ಮೇಲೆ ಎರಡು ಕಂಪ್ಯೂಟರು, ಒಂದು ಲೇಸರ್ ಪ್ರಿಂಟರು, ಕಳೆದ ಆಯುಧಪೂಜೆಯ ಕುಂಕುಮ ಇನ್ನೂ ಅಳಿಯದ ಯುಪಿಎಸ್ಸು. ಕಿಟಕಿಯ ಕಟ್ಟೆಯ ಮೇಲೆ ಕರಡಚ್ಚಿನ ರಾಶಿ. ಕೆಂಪು ಪೆನ್ನಿನ ತಿದ್ದುಪಡಿಗಳು, ಮೇಲೊಂದು ಚಹಾ ಲೋಟದ ಉಂಗುರ. ನಾನು ಬಂದದ್ದು ನನ್ನದೇ ಒಂದು ಕರಡು ಒಪ್ಪಿಸಲು. ಅದನ್ನು ಯಾರೂ ತಿರುಗಿ ನೋಡಲಿಲ್ಲವಾದ್ದರಿಂದ ಸ್ಟೂಲಿನ ಮೇಲೆ ಕೂತು ಈ ಇಬ್ಬರನ್ನು ನೋಡುತ್ತಿದ್ದೆ.

ಪುಸ್ತಕ ಅವಿಭಜಿತ ಕೋಲಾರ ಜಿಲ್ಲೆಯ ಕೆರೆ, ಕೋಟೆ, ಶಾಸನಗಳ ಬಗ್ಗೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ಮೊದಲೇ ಅಚ್ಚಾದದ್ದು, ಆಗ ‘ನುಡಿ’ ತಂತ್ರಾಂಶದಲ್ಲಿ ಟೈಪಾದದ್ದು. ಈಗ ಎರಡನೇ ಮುದ್ರಣ. ಲೇಖಕರು ಹೊಸ ಪೀಠಿಕೆಯನ್ನು ಯೂನಿಕೋಡಿನಲ್ಲೇ ಬರೆದು ಕಳಿಸಿದ್ದಾರೆ. ಹಳೆಯ ಅಧ್ಯಾಯಗಳನ್ನು ಯಾರೋ ಎಂದೋ ಬರೆದಿಟ್ಟ ಪರಿವರ್ತಕವೊಂದರಲ್ಲಿ ಹಾಯಿಸಿ ಯೂನಿಕೋಡಿಗೆ ತಂದಿದ್ದಾರೆ. ಎರಡನ್ನೂ ಒಂದೇ ಫೈಲಿಗೆ ಸುರಿದು, ಎಡಿಟರಿನಲ್ಲಿ ಶುದ್ಧ ಮಾಡಿ, ಆಮೇಲೆ ಪುಟ ಕಟ್ಟುವುದು ಆಂಟಿಯ ಪದ್ಧತಿ.

ದೂರಿನ ಜೊತೆ ಅವರು ಕಳಿಸಿದ್ದು ಪರದೆಯ ಫೋಟೋ. ಬೇರೆ ಯಾವ ಬಗ್ಗಿಗಾದರೂ ಅದು ಒಳ್ಳೆಯ ಸಾಕ್ಷಿ. ಇಲ್ಲಿ ಅದರಿಂದ ನಯಾಪೈಸೆ ಪ್ರಯೋಜನವಿಲ್ಲ, ಏಕೆಂದರೆ ಫೋಟೋದಲ್ಲಿರುವ ಕೋಲಾರಕ್ಕೂ ಹುಡುಗ ಬರೆದುಕೊಂಡ ಕೋಲಾರಕ್ಕೂ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಫೋಟೋ ನೋಡಿ ಅವನು ತನ್ನ ಕೀಲಿಮಣೆಯಲ್ಲಿ ಅದೇ ಪದ ಬರೆದುಕೊಂಡ. ಬರೆದ ಕ್ಷಣವೇ ಬಗ್ಗು ಮಾಯ. ಹಾಗಾಗಿ ಇಂದು ಫೈಲ್ ಇರುವಲ್ಲಿಗೇ ಬಂದಿದ್ದಾನೆ.

ಎಲ್ಲ ಬಗ್ಗುಗಳೂ ಇಷ್ಟು ಕಾಡುವುದಿಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದ ನೋಟ್‌ಪ್ಯಾಡಿನದು ನೆನಪಿರಬಹುದು. ಖಾಲಿ ಫೈಲಿನಲ್ಲಿ ‘ಬುಷ್ ಹಿಡ್ ದ ಫ್ಯಾಕ್ಟ್ಸ್’ ಎಂದು ಇಂಗ್ಲಿಷಿನಲ್ಲಿ ಬರೆದು, ಉಳಿಸಿ, ಮುಚ್ಚಿ, ಮತ್ತೆ ತೆರೆದರೆ ಒಂಬತ್ತು ಚೀನೀ ಅಕ್ಷರಗಳು ಕಾಣುತ್ತಿದ್ದವು. ಚೀನೀ ಫಾಂಟ್ ಇಲ್ಲದಿದ್ದರೆ ಒಂಬತ್ತು ಚೌಕ. ಅಮೆರಿಕದ ಅಧ್ಯಕ್ಷರ ಹೆಸರು ಬೇರೆ ಇದ್ದುದರಿಂದ ಜನ ಅದರಲ್ಲಿ ಪಿತೂರಿಯನ್ನೇ ಕಂಡರು. ಅಸಲು ಕಥೆ ಇಷ್ಟೇ: ಫೈಲ್ ಯಾವ ಸಂಕೇತದಲ್ಲಿದೆ ಎಂದು ಎಲ್ಲೂ ಬರೆದಿರುವುದಿಲ್ಲ, ನೋಟ್‌ಪ್ಯಾಡ್ ಬೈಟ್‌ಗಳ ಚಹರೆ ನೋಡಿ ಊಹಿಸುತ್ತಿತ್ತು. ನಾಲ್ಕು, ಮೂರು, ಮೂರು, ಐದು ಅಕ್ಷರಗಳ ಪದಗಳು, ನಡುವೆ ಮೂರು ಖಾಲಿ ಜಾಗ, ಒಟ್ಟು 18 ಬೈಟ್. ಅದನ್ನು ಎರಡೆರಡು ಬೈಟಿನ ಯೂನಿಕೋಡ್ ಎಂದು ತಪ್ಪಾಗಿ ಊಹಿಸಿದರೆ ಒಂಬತ್ತು ಅಕ್ಷರ. ಅಷ್ಟೇ ಅಳತೆಯ ಬೇರೆ ವಾಕ್ಯಗಳಿಗೂ ಹಾಗೇ ಆಗುತ್ತಿತ್ತು. ವಿಸ್ತಾ ಬಂದಾಗ ಸರಿಹೋಯಿತು. ಆ ಬಗ್ಗಿನ ಭಾಗ್ಯವೆಂದರೆ ಅದನ್ನು ಬರಿಸುವ ವಿಧಾನ ಒಂದೇ ಸಾಲಿನಲ್ಲಿ ಮುಗಿಯುತ್ತಿತ್ತು, ಯಾರ ಮನೆಯಲ್ಲಿ ಮಾಡಿದರೂ ಬರುತ್ತಿತ್ತು. ಕೋಲಾರದ್ದು ಆಂಟಿಯ ಮನೆಯಲ್ಲಿ ಮಾತ್ರ.

ಹುಡುಗ ಮೊದಲು ಫೈಲಿನ ನಕಲು ಮಾಡಿಕೊಂಡ. ಆಮೇಲೆ ಕತ್ತರಿಸತೊಡಗಿದ. ಮುನ್ನೂರು ಪುಟದಷ್ಟು ಪಠ್ಯದಲ್ಲಿ ಹಿಂದಿನ ಅರ್ಧ ತೆಗೆದು ಹುಡುಕು. ಸಿಕ್ಕಿತೆ? ಒಂದಷ್ಟು ಸಿಕ್ಕಿತು, ಒಂದಷ್ಟು ಇಲ್ಲ. ಇನ್ನರ್ಧ ತೆಗಿ. ಆಂಟಿಗೆ ಇದು ನೋಡಲಾಗದ ದೃಶ್ಯ. ನಕಲು ಎಂದು ಗೊತ್ತಿದ್ದೂ ಅವರ ಕೈ ಆಗಾಗ ಮೌಸಿನ ಕಡೆ ಹೋಗುತ್ತಿತ್ತು. ಹೊಸ ಪೀಠಿಕೆಯಷ್ಟೇ ಉಳಿದಾಗ ಎಲ್ಲ ಕೋಲಾರಗಳೂ ಹಳದಿ ಬಣ್ಣದಲ್ಲಿ ಹೊಳೆದವು. ಹಳೆಯ ಅಧ್ಯಾಯವಷ್ಟೇ ಉಳಿದಾಗ ಒಂದೂ ಇಲ್ಲ. ಕತ್ತರಿಸಿ ಕತ್ತರಿಸಿ ಕೊನೆಗೆ ಎರಡು ಸಾಲು ಉಳಿಯಿತು. ಮೇಲಿನದು ಪೀಠಿಕೆಯಿಂದ ಬಂದ ‘ಕೋಲಾರ’, ಕೆಳಗಿನದು ಹಳೇ ಅಧ್ಯಾಯದಿಂದ ಬಂದ ‘ಕೋಲಾರ’. ಹುಡುಕಿದರೆ ಮೇಲಿನದೊಂದೇ ಸಿಗುತ್ತದೆ. ಕೆಳಗಿನದನ್ನು ಕಾಪಿ ಮಾಡಿ ಫೈಂಡ್ ಬಾಕ್ಸಿಗೆ ಅಂಟಿಸಿ ಹುಡುಕಿದರೆ ಕೆಳಗಿನದೊಂದೇ ಸಿಗುತ್ತದೆ, ಮೇಲಿನದಿಲ್ಲ. ಫಾಂಟ್ ಬದಲಿಸಿದ, ಅದೇ. ದೊಡ್ಡದು ಮಾಡಿ ನೋಡಿದ. ಒಂದರ ತಲೆಯ ಮೇಲೆ ಒಂದನ್ನಿಟ್ಟಂತೆ ಎರಡೂ ಪಡಿಯಚ್ಚು.

“ಎಲ್ಲ ಪದಾನೂ ಹಿಂಗೇನಾ, ಇದೊಂದೇನಾ ಆಂಟಿ?”

“ಒಂದಷ್ಟು ಸಿಗ್ತವೆ, ಒಂದಷ್ಟು ಇಲ್ಲ. ಮಾಲೂರು ಸಿಕ್ತು. ಬಂಗಾರಪೇಟೆ ಸಿಗಲಿಲ್ಲ.”

ಹುಡುಗ ಒಂದು ಕರಡಚ್ಚಿನ ಬೆನ್ನಿಗೆ ಎರಡು ಅಂಕಣ ಹಾಕಿದ. (ನನ್ನದೇ ಕರಡು. ಇರಲಿ.) ಹಳೇ ಜಿಲ್ಲೆಯ 11 ತಾಲ್ಲೂಕುಗಳನ್ನು ಆಂಟಿ ಒಂದೊಂದಾಗಿ ಹೇಳುತ್ತ ಹೋದರು, ಅವನು ಹಳೇ ಅಧ್ಯಾಯಗಳಲ್ಲಿ ಹುಡುಕುತ್ತ ಹೋದ. ಮಾಲೂರು, ಮುಳಬಾಗಿಲು, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಗುಡಿಬಂಡೆ: ಏಳೂ ಸಿಕ್ಕವು. ಕೋಲಾರ, ಬಂಗಾರಪೇಟೆ, ಶ್ರೀನಿವಾಸಪುರ, ಬಾಗೇಪಲ್ಲಿ ಸಿಗಲಿಲ್ಲ.

“ದೀರ್ಘ ಇರೋದೆಲ್ಲ ಹೋಗಿದೆ,” ಎಂದ ಹುಡುಗ. ಕೋ, ಪೇ, ಶ್ರೀ, ಗೇ. ಸರಿಯಾಗಿಯೇ ಕಾಣುತ್ತಿತ್ತು. ಆದರೆ ಮಾಲೂರಿನಲ್ಲಿ ಎರಡು ದೀರ್ಘವಿದೆ, ಅದು ಸಿಕ್ಕಿದೆ. ಆಂಟಿ ಅದನ್ನು ಎತ್ತಿ ತೋರಿಸಿದರು. ಅವರೇ ಮುಂದುವರಿದು ‘ದೊಡ್ಡ’ ಎಂದು ಹುಡುಕಿದರು. ಕೆರೆಗಳ ಅಧ್ಯಾಯದಲ್ಲಿ ದೊಡ್ಡಕೆರೆಗಳಿಗೇನು ಬರ? ಒಂದೂ ಸಿಗಲಿಲ್ಲ. ದೊ ಹ್ರಸ್ವ. ‘ಕೈವಾರ’ ಸಿಗಲಿಲ್ಲ. ‘ಗೌರಿ’ ಮಾತ್ರ ಜಾಣೆಯಂತೆ ಪ್ರತಿ ಸಲ ಸಿಕ್ಕಳು. ದೀರ್ಘದ ಊಹೆ ಅಲ್ಲಿಗೆ ಬಿದ್ದುಹೋಯಿತು. ನನಗೆ ಇಷ್ಟವಾದದ್ದು ಈ ಗಳಿಗೆ. ಊಹೆಗೆ ಒಪ್ಪುವ ಪದಗಳನ್ನೇ ಹುಡುಕುತ್ತ ಕೂತಿದ್ದರೆ ಸಂಜೆಯವರೆಗೂ ಸಿಗುತ್ತಿದ್ದವು. ಒಪ್ಪದ ಒಂದನ್ನು ಹುಡುಕಿದ್ದು ಆಂಟಿ.

ಬೀಗ ತೆರೆದದ್ದೂ ಅವರೇ, ತಿಳಿಯದೆಯೇ. ಕೆಳಗಿನ ಸಾಲಿನ ಕೋಲಾರವನ್ನು ಅಳಿಸಿ ಮತ್ತೆ ಬರೆದರಾಯಿತು, ಇಷ್ಟು ತಲೆನೋವು ಯಾಕೆ ಎಂದು ‘ಕೋ’ ಮುಂದೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒತ್ತಿದರು. ಕೋ ಹೋಗಿ ಕೊ ಆಯಿತು. ಇನ್ನೊಂದು ಸಲ ಒತ್ತಿದರು. ಕೊ ಹೋಗಿ ಕೆ. ಮತ್ತೊಂದು ಸಲ; ಕೆ ಹೋಗಿ ಬರೀ ಕ. ಬೆರಳು ಅಲ್ಲೇ ನಿಂತಿತು.

“ಇದೇನೋ, ಹಳೇ ನುಡಿ ಥರಾನೇ ಅಳಿಸ್ತಾ ಇದೆ!”

ಮೇಲಿನ ಸಾಲಿನಲ್ಲಿ ಅದನ್ನೇ ಮಾಡಿದರು. ಒಂದೇ ಒತ್ತಿಗೆ ಓತ್ವ ಇಡಿಯಾಗಿ ಕಳಚಿ ಕ ಉಳಿಯಿತು.

ಹುಡುಗನಿಗೆ ಇದು ಹೊಸದು. ಅವನು ಕಂಪ್ಯೂಟರ್ ಮುಟ್ಟುವ ಹೊತ್ತಿಗೆ ಯೂನಿಕೋಡ್ ಬಂದಾಗಿತ್ತು. ಕೆ ಒತ್ತಿ, ಶಿಫ್ಟ್ ಹಿಡಿದು ಓ ಒತ್ತಿದರೆ ಕೋ ಬರುತ್ತದೆ, ಅದು ಒಂದೇ ಕಾಗುಣಿತ, ಮುಗಿಯಿತು. ಆಂಟಿ ಟೈಪ್‌ರೈಟರಿನಲ್ಲಿ ಕೈ ಪಳಗಿಸಿಕೊಂಡವರು. ಅವರ ಬೆರಳಿಗೆ ಕೋ ಎಂದರೆ ಕ, ಅದರ ಮೇಲೊಂದು ಎತ್ವ, ಪಕ್ಕಕ್ಕೊಂದು ಕೊಂಬಿನ ದೀರ್ಘ, ಕೊನೆಗೊಂದು ಬಿಡಿ ದೀರ್ಘ. ಬರಹ, ನುಡಿಗಳ ಹಳೆಯ ಫಾಂಟುಗಳೂ ಈ ಲೆಕ್ಕದವೇ. ಅಲ್ಲಿ ಕನ್ನಡದ ಅಕ್ಷರಕ್ಕೆ ಸ್ವಂತ ಸಂಖ್ಯೆ ಇರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಹಳೇ ನುಡಿ ಫೈಲನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆಲ್ಲ ಗೊತ್ತು: ಕೋ ಇರಬೇಕಾದಲ್ಲಿ ಒಂದು ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಇ, ಎ ಮತ್ತು ಇ ಬೆಸೆದ ಒಂದು ಗುರುತು, ಕೊನೆಗೆ ಅಲೆಗೆರೆ ಹೊತ್ತ ಎ. ನಾಲ್ಕು ತುಂಡು. ಪರಿವರ್ತಕ ಬರೆದವರು ಪಿ ಕಂಡರೆ ಕ, ಇ ಕಂಡರೆ ಎತ್ವ ಎಂದು ತುಂಡಿಗೆ ತುಂಡು ಬದಲಿಸಿದ್ದಾರೆ. ನಾಲ್ಕನ್ನೂ ಒಟ್ಟಿಗೆ ನೋಡಿ ಕ ಮತ್ತು ಓತ್ವ ಎಂಬ ಎರಡಕ್ಕಿಳಿಸುವ ಕೊನೆಯ ಹೆಜ್ಜೆ ಬಿಟ್ಟಿದ್ದಾರೆ.

ಬಿಟ್ಟರೂ ತೆರೆಯ ಮೇಲೆ ತಪ್ಪು ಕಾಣದು, ಅಲ್ಲೇ ಇರುವುದು ಮೋಸ. 1991ರಲ್ಲಿ ಬಂದ ಮೊದಲ ಆವೃತ್ತಿಯಿಂದಲೇ ಕನ್ನಡ ಯೂನಿಕೋಡಿನಲ್ಲಿದೆ. ಅಲ್ಲಿ ಪೂರ್ತಿ ಓತ್ವಕ್ಕೂ ಒಂದು ಸಂಖ್ಯೆ ಇದೆ. ಬಿಡಿ ದೀರ್ಘದ ಗುರುತಿಗೂ, ಐತ್ವದ ಕೆಳಗಿನ ಕೊಂಡಿಗೂ ಬೇರೆ ಬೇರೆ ಸಂಖ್ಯೆಗಳಿವೆ. ಹಾಗಾಗಿ ಕೋ ಬರೆಯಲು ಎರಡು ದಾರಿ. ಎರಡೂ ಸಮ ಎಂದು ಯೂನಿಕೋಡಿನ ನಿಯಮವೇ ಹೇಳುತ್ತದೆ. ಅಕ್ಷರವನ್ನು ತೆರೆಯ ಮೇಲೆ ಕಟ್ಟುವ ಹಾರ್ಫ್‌ಬಜ್‌ನಂಥ ತಂತ್ರಾಂಶ ಆ ನಿಯಮ ಪಾಲಿಸಿ ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಹೀಗೆ ಒಡೆಯಬಲ್ಲ ಕಾಗುಣಿತ ಚಿಹ್ನೆಗಳು ಕನ್ನಡದಲ್ಲಿ ಐದು: ಕೀ, ಕೇ, ಕೈ, ಕೊ, ಕೋ ಇವುಗಳವು. ಔತ್ವವನ್ನು ಒಡೆಯಲು ಬರುವುದಿಲ್ಲ. ಗೌರಿಬಿದನೂರು ಬಚಾವಾದದ್ದು ಹಾಗೆ. ಇಳಿ, ಗುಡಿಸು, ಕೊಂಬು, ಕೊಂಬಿನ ದೀರ್ಘ, ಎತ್ವ ಇಡಿಯಾಗಿಯೇ ಇರುವಂಥವು. ಮಾಲೂರು ಸಿಕ್ಕಿದ್ದು ಹಾಗೆ. ಕರಡಿನ ಬೆನ್ನ ಮೇಲಿನ ಎರಡು ಅಂಕಣಗಳು ಈಗ ಒಂದು ಹೆಸರೂ ಅತ್ತಿತ್ತ ಆಗದಂತೆ ಕೂತುಕೊಂಡವು.

ಹುಡುಗ ಆ ಎರಡು ಸಾಲುಗಳನ್ನು ಬೇರೆ ಬೇರೆ ಫೈಲಿಗೆ ಹಾಕಿ ಅಳೆದ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್. ಮೇಲಿನ ಕೋಲಾರದಲ್ಲಿ ಐದು ಚಿಹ್ನೆ, 15 ಬೈಟ್. ಕೆಳಗಿನದರಲ್ಲಿ ಏಳು, 21 ಬೈಟ್. ಎಡಿಟರಿನ ಹುಡುಕಾಟ ಬೈಟಿಗೆ ಬೈಟ್ ಹೋಲಿಸುವ ಜಾತಿಯದು. ಅದರ ಮಟ್ಟಿಗೆ ಇವೆರಡೂ ಬೇರೆ ಬೇರೆ ಊರು. ಇನ್ನೊಂದು ಚೋದ್ಯವೂ ಹೊರಬಿತ್ತು. ‘ಕೆ’ ಎಂದು ಹುಡುಕಿದರೆ ಹಳೇ ಅಧ್ಯಾಯದ ಕೋಲಾರಗಳೆಲ್ಲ ಸಿಗುತ್ತಿದ್ದವು, ಒಡೆದ ಕೋ ಶುರುವಾಗುವುದೇ ಕ ಮತ್ತು ಎತ್ವದಿಂದ. ಬೇಕಾದದ್ದು ಸಿಗದು, ಬೇಡದ್ದು ಸಿಗುವುದು.

“ಹಂಗಾದ್ರೆ ಈ ಫೈಲೊಂದು ಸರಿಮಾಡಿ ಕೊಟ್ಬಿಡು, ಸಾಕು,” ಎಂದರು ಆಂಟಿ. ಅದು ಹತ್ತು ನಿಮಿಷದ ಕೆಲಸ. ಒಡೆದವನ್ನೆಲ್ಲ ಕೂಡಿಸುವ ‘ನಾರ್ಮಲೈಸೇಶನ್’ ಎಂಬ ಕ್ರಮ ಹೆಚ್ಚಿನ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಸಿದ್ಧವಾಗಿ ಸಿಗುತ್ತದೆ. ಅವನು ಮಾಡಿಯೂ ಕೊಟ್ಟ, ಪದಸೂಚಿಯ ಕೆಲಸ ಅಂದೇ ಮುಂದುವರಿಯಿತು. ಎಡಿಟರನ್ನು ಸರಿಪಡಿಸುವುದು ಬೇರೆ ಮಾತು.

ಅಲ್ಲಿ ವಾದ ಎದ್ದಿತು. ಫೈಲ್ ತೆರೆಯುವಾಗಲೇ ಎಡಿಟರ್ ಎಲ್ಲವನ್ನೂ ಕೂಡಿಸಿಬಿಡಲಿ, ಹುಡುಕಾಟ ತಾನೇ ಸರಿಹೋಗುತ್ತದೆ ಎಂದು ಅದನ್ನು ನೋಡಿಕೊಳ್ಳುವವರಲ್ಲಿ ಕೆಲವರು. ಕೇಳದೆ ಇನ್ನೊಬ್ಬರ ಫೈಲಿನ ಒಂದು ಬೈಟನ್ನೂ ಮುಟ್ಟಕೂಡದು ಎಂದು ಉಳಿದವರು. ಒಂದು ಪದ ತಿದ್ದಲು ತೆರೆದ ಫೈಲಿನಲ್ಲಿ ಸಾವಿರ ಸಾಲು ಬದಲಾಗಿ ಕೂತರೆ, ಏನು ತಿದ್ದಿದೆವು ಎಂದು ಆಮೇಲೆ ತಾಳೆ ನೋಡುವವರ ಗತಿ? ನನಗೆ ಎರಡನೆಯವರ ಮಾತೇ ಸರಿ ಅನ್ನಿಸಿತು. ಬರಹಗಾರ ಬರೆದದ್ದನ್ನು ಪೆನ್ನು ತಿದ್ದಬಾರದು. ಒಡೆದ ರೂಪ ಬರುವುದು ಹಳೇ ಪರಿವರ್ತಕಗಳಿಂದಷ್ಟೇ ಅಲ್ಲ ಎಂಬುದನ್ನೂ ಗಮನಿಸಬೇಕು. ಮ್ಯಾಕ್ ಕಂಪ್ಯೂಟರುಗಳ ಹಿಂದಿನ ಫೈಲ್ ವ್ಯವಸ್ಥೆ ಫೈಲಿನ ಹೆಸರುಗಳನ್ನು ಒಡೆದೇ ಇಟ್ಟುಕೊಳ್ಳುತ್ತಿತ್ತು. ಅಂತೂ, ಫೈಲ್ ಇದ್ದಂತೆ ಇರಲಿ, ಹೋಲಿಸುವಾಗ ಮಾತ್ರ ಎರಡೂ ಕಡೆ ಕೂಡಿಸಿ ಹೋಲಿಸುವುದು ಎಂದು ತೀರ್ಮಾನವಾಯಿತು.

ಹೇಳಿದಷ್ಟು ಸುಲಭವಿರಲಿಲ್ಲ. ಹುಡುಗನ ಮೊದಲ ತಿದ್ದುಪಡಿಯಲ್ಲಿ ಕೋಲಾರ ಸಿಕ್ಕಿತು, ಆದರೆ ಹಳದಿ ಬಣ್ಣ ‘ಕೋಲ’ದ ಮೇಲಷ್ಟೇ ಬಿದ್ದಿತ್ತು. ಹುಡುಕಿದ ಪದದಲ್ಲಿ ಐದು ಚಿಹ್ನೆ. ಸಿಕ್ಕ ಜಾಗದಿಂದ ಐದನ್ನೇ ಎಣಿಸಿ ಬಣ್ಣ ಬಳಿದಿದೆ. ಹಳೇ ಸಾಲಿನಲ್ಲಿರುವುದು ಏಳು. ನೋಡಲು ತಮಾಷೆ, ಬದಲಿಸಲು ಹೋದರೆ ಅನಾಹುತ. ಕೋಲಾರದ ಜಾಗಕ್ಕೆ ಅದರ ಹಳೆಯ ಹೆಸರು ‘ಕುವಲಾಲ’ ಹಾಕು ಎಂದರೆ ಕೋಲ ಹೋಗಿ ಕುವಲಾಲ ಬಂತು. ಉಳಿದ ಆ-ಕಾರದ ಇಳಿ ಮತ್ತು ರ ಅದರ ಬಾಲಕ್ಕೆ ಅಂಟಿ ‘ಕುವಲಾಲಾರ’ ಆಯಿತು. ಒಂದು ಸಾಲಿನಲ್ಲಿ ನಾಲ್ಕು ಒಡೆದ ಅಕ್ಷರವಿದ್ದರೆ ಸಾಲಿನ ಕೊನೆಗೆ ಹೋಗುವಷ್ಟರಲ್ಲಿ ಬಣ್ಣ ಇನ್ನಷ್ಟು ಜಾರಿರುತ್ತಿತ್ತು. ಕೂಡಿಸಿದ ಪಠ್ಯದ ಪ್ರತಿ ಚಿಹ್ನೆಯೂ ಮೂಲದಲ್ಲಿ ಎಲ್ಲಿಂದ ಎಲ್ಲಿಗೆ ಎಂಬ ಲೆಕ್ಕವನ್ನು ಪಕ್ಕದಲ್ಲಿ ಇಟ್ಟುಕೊಂಡೇ ಹೋಗಬೇಕಾಯಿತು. ನಿಜವಾದ ದುಡಿಮೆ ಬೇಡಿದ್ದು ಇದು. ಪರೀಕ್ಷೆಗೆಂದು ಅವನು ಜೋಡಿಸಿದ ಫೈಲಿನಲ್ಲಿ ಆ 11 ತಾಲ್ಲೂಕುಗಳೇ ಇವೆ, ಒಡೆಯಬಲ್ಲ ನಾಲ್ಕು ಮಾತ್ರ ಎರಡೆರಡು ಸಲ, ಕೂಡಿಸಿದ್ದು ಮತ್ತು ಒಡೆದದ್ದು. ಇನ್ನು ಮುಂದೆ ಯಾರು ಹುಡುಕಾಟದ ಕೋಡ್ ಮುಟ್ಟಿದರೂ ಬಾಗೇಪಲ್ಲಿ, ಶ್ರೀನಿವಾಸಪುರಗಳ ಅಪ್ಪಣೆ ಬೇಕು.

ಹೊಸ ಆವೃತ್ತಿಯನ್ನು ಹಾಕಿಸಿಕೊಂಡ ಆಂಟಿ ಹಳೇ ಫೈಲನ್ನೇ ತೆರೆದು ತಾಲ್ಲೂಕುಗಳನ್ನು ಬೇಗ ಮುಗಿಸಿದರು, ಎಲ್ಲವೂ ಸಿಕ್ಕವು. ಹಟಕ್ಕೆ ಬಿದ್ದವರಂತೆ ಪದಸೂಚಿಯ ಪಟ್ಟಿ ಹಿಡಿದು ಸಣ್ಣ ಊರುಗಳಿಗೆ ಇಳಿದರು. ವೇಮಗಲ್, ಬೇತಮಂಗಲ, ಕೈವಾರ, ಸಿಕ್ಕವು. ‘ಟೇಕಲ್ ಬೆಟ್ಟ’ ಸಿಗಲಿಲ್ಲ. ‘ಟೇಕಲ್’ ಎಂದಷ್ಟೇ ಕೊಟ್ಟರೆ ಸಿಗುತ್ತದೆ.

ಈ ಸಲ ಆಂಟಿಯೇ ಹಳೇ ಫೈಲಿನಲ್ಲಿ ‘ಲ್’ ಮುಂದೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒತ್ತಿದರು. ಏನೂ ಅಳಿಯಲಿಲ್ಲ. ಎರಡನೇ ಸಲ ಒತ್ತಿದಾಗ ಲ್ ಹೋಗಿ ಲ ಆಯಿತು.

“ಏನೋ ಇದೆ ಕಣೋ ಅಲ್ಲಿ. ಕಾಣ್ತಿಲ್ಲ, ಆದ್ರೆ ಒಂದು ಒತ್ತು ತಿಂತು.”

ಇದ್ದದ್ದು ಅಗಲವೇ ಇಲ್ಲದ ಒಂದು ಗುರುತು. ಅರ್ಧಾಕ್ಷರದ ಮುಂದೆ ಬರುವ ವ್ಯಂಜನ ಅದರ ಕೆಳಗೆ ಒತ್ತಾಗಿ ಇಳಿಯದಂತೆ ತಡೆಯುವುದು ಅದರ ಕೆಲಸ. ‘ಟೇಕಲ್‌ನಲ್ಲಿ’ ಎಂದು ಬರೆಯಲು ಅದು ಬೇಕೇ ಬೇಕು, ಇಲ್ಲದಿದ್ದರೆ ಲ ಕಾರಕ್ಕೆ ನ ಒತ್ತು ಬೀಳುತ್ತದೆ. ಪರಿವರ್ತಕ ಮುನ್ನೆಚ್ಚರಿಕೆಗೆಂದು ಪದದ ಕೊನೆಯ ಅರ್ಧಾಕ್ಷರಗಳಿಗೂ ಅದನ್ನು ಅಂಟಿಸಿಬಿಟ್ಟಿದೆ. ಕೂಡಿಸುವ ಕ್ರಮ ಅದನ್ನು ಮುಟ್ಟುವುದಿಲ್ಲ, ಮುಟ್ಟಲೂಬಾರದು.

“ಹುಡುಕುವಾಗ ಮಾತ್ರ ಅದನ್ನ ಲೆಕ್ಕಕ್ಕೆ ತಗೋಬೇಡ ಅನ್ನು, ಆಯ್ತಲ್ಲ,” ಎಂದರು ಆಂಟಿ.

“ಅಗಲ ಇಲ್ಲದ ಗುರುತನ್ನೆಲ್ಲ ಹಂಗೆ ಬಿಟ್ರೆ ಇದರ ಜೊತೇಲಿ ಅಕ್ಷರ ಸೇರಿಸೋ ಗುರುತೂ ಹೋಗತ್ತೆ ಆಂಟಿ. ಅರ್ಕಾವತ್ತು ಬೇಡ, ರ ಕೆಳಗೆ ಯ ಒತ್ತೇ ಬೇಕು ಅಂತ ಬರಿಯೋರು ಇದಾರಲ್ಲ, ಅವರು ಎರಡನ್ನೂ ಬೇರೆ ಬೇರೆ ಹುಡುಕಬೇಕು ಅಂತಾರೆ.”

“ಅವರಿಗೊಂದು ಟಿಕ್ ಬಾಕ್ಸ್ ಇಡು.”

ಹುಡುಗ ಆಗಲೇ ಹೊಸ ಫೈಲ್ ತೆರೆದಿದ್ದ. ಮೊದಲ ಸಾಲಿನಲ್ಲಿ ‘ಟೇಕಲ್ ಬೆಟ್ಟ’ ಎಂದು ಟೈಪ್ ಮಾಡಿ, ಎರಡನೇ ಸಾಲಿಗೆ ಹಳೇ ಅಧ್ಯಾಯದ್ದನ್ನು ಅಂಟಿಸುತ್ತಿದ್ದ.